ಒಂದ ದಿನಕ್ಕ ಏನಾಗ್ತೈತಿ ಅನ್ನವರಿಗೆ

ಹೋದ ತಿಂಗಳ ನಮ್ಮ ನಾದಿನಿ ಮೊಮ್ಮಗಳ ತೊಟ್ಟಿಲ ಕಾರ್ಯಕ್ರಮ ಇತ್ತು. ಹುಬ್ಬಳ್ಳಿಯೊಳಗ ಒಂದು ಕಾರ್ಯಾಲಯ ಹಿಡಿದಿದ್ರು. ಮೂರು ತಿಂಗಳ ಕೂಸು, ಗುಲಾಬಿ ಬಣ್ಣದ ಕುಂಚಗಿ ಹಾಕ್ಕೊಂಡು ತೊಟ್ಟಿಲದಾಗ ಮಲಗಿತ್ತು. ಗಲ್ಲಕ್ಕ ಕಾಡಿಗಿ ಬೊಟ್ಟು, ಕಾಲಿಗೆ ಕರಿ ಮಣಿ, ಯಾರದರ ದೃಷ್ಟಿ ಆಗಬಾರದಂತ. ತೊಟ್ಟಿಲಿನ ಈ ಕಡೆ ಒಂದು, ಆ ಕಡೆ ಒಂದು, ನನಗಿಂತ ಎತ್ತರದ ಎರಡು ಸ್ಪೀಕರ್ ಪೆಟ್ಟಿಗಿ.

ತೊಟ್ಟಿಲ ಹಾಕೂದು ಅಂದ್ರ ಏನ್ರಿ? ಹೆಣ್ಣಮಕ್ಕಳು ಸುತ್ತ ನಿಂತು ಜೋಗುಳ ಹಾಡೂದು, ಸ್ವಾದರತ್ತಿ ಕೂಸಿನ ಕಿವಿ ಹತ್ರ ಬಾಯಿ ಇಟ್ಟು ಕುರ್ರ್ ಅಂತ ಊದಿ ಹೆಸರು ಹೇಳೂದು. ಇಡೀ ಕಾರ್ಯಕ್ರಮ ಇರೂದ ಕಿವಿಗೆ. ಅವತ್ತ ಆ ಅತ್ತಿ ಹೆಸರು ಹೇಳಿದ್ಲು, ಖರೆ, ಆದ್ರ ಏನು ಹೇಳಿದ್ಲು ಅಂತ ಆಕಿಗೇ ಕೇಳಿರಲಿಕ್ಕಿಲ್ಲ. ಬಾಜೂಕ ನಿಂತವರು "ಏನಿಟ್ರಿ ಹೆಸರು?" ಅಂತ ಒದರಿ ಕೇಳಿ, ಕೇಳಿಸಲಾರದಕ್ಕ ಹಿಂದಿನ ಬ್ಯಾನರ್ ನೋಡಿ ಓದಿಕೊಂಡ್ರು. ಜೋಗುಳ ಹಾಡಾಕ ಬಂದ ಎಂಟು ಮಂದಿ ಹಿರೇರು ಬಾಯಿ ಮುಚ್ಚಿಕೊಂಡು ಖುರ್ಚಿ ಮ್ಯಾಲ ಕುಂತಿದ್ರು. ಕೂಸು ಮುಷ್ಟಿ ಬಿಗಿ ಹಿಡಿದು, ಬಾಯಿ ಅಗಲ ತಗದು ಅಳಾಕತ್ತಿತ್ತು. ಅಳೂದು ಕಾಣ್ತಿತ್ತು, ಕೇಳ್ತಿರಲಿಲ್ಲ.

ನಾ ಎದ್ದು ಹೋಗಿ ಕೂಸಿನ್ನ ತೊಟ್ಟಿಲದಿಂದ ಎತ್ತಿಕೊಂಡು ಸೀದಾ ಊಟದ ಹಾಲಿಗೆ ಹೋಗಿಬಿಟ್ಟೆ.

ಅದಕ್ಕ ಆದ ರಾದ್ಧಾಂತ ಹೇಳತೀರದು. ಬೀಗರ ಮುಂದ ಮಾನ ಹೋತು ಅಂದ್ರು. ಫೋಟೋದವ ಕಾಯಾಕತ್ತಾನ ಅಂದ್ರು. ನಾದಿನಿ ಬಂದಾಕಿನ "ವೈನಿ, ಒಂದ ದಿನದ ಮಾತು, ಒಂದ ದಿನಕ್ಕ ಏನಾಗ್ತೈತಿ? ನಿಮಗ ಆಗಂಗಿಲ್ಲ ಅಂದ್ರ ನೀವು ಹೊರಗ ಕುಂಡ್ರಬೇಕಿತ್ತು" ಅಂದ್ಲು. ಅವತ್ತಿನಿಂದ ನಾ ನಮ್ಮ ಬಳಗದಾಗ "ಕಿವಿ ಅತ್ತಿ" ಆಗೇನಿ. ಆಗಲಿ. ಆದ್ರ ಆ "ಒಂದ ದಿನ" ಅನ್ನೂ ಮಾತಿಗೆ ಉತ್ತರ ಕೊಡೂದು ಬಾಕಿ ಉಳದೈತಿ. ಅವತ್ತ ಆ ಗದ್ದಲದಾಗ ನಾ ಹೇಳಿದ್ರೂ ಯಾರಿಗೂ ಕೇಳತಿರಲಿಲ್ಲ, ಅದಕ್ಕ ಇಲ್ಲೆ ಬರ್ಯಾಕತ್ತೇನಿ.

ಮೊದಲ ನಮ್ಮಪ್ಪನ ಮಾತು ಹೇಳ್ತೇನಿ. ನನ್ನ ತವರುಮನಿ ಬನಹಟ್ಟಿ. ರಬಕವಿ-ಬನಹಟ್ಟಿ ಕಡೆ ಹೋದವರಿಗೆ ಗೊತ್ತು, ಓಣಿಯೊಳಗ ಕಾಲಿಟ್ರ ಸಾಕು, ಪಾವರಲೂಮಿನ ಖಟ್-ಖಟ್ ಎದಿಗೆ ಬಡೀತೈತಿ. ನಮ್ಮ ಮನಿ ಪಡಸಾಲ್ಯಾಗ ನಾಕು ಮಗ್ಗ ಇದ್ವು. ಗ್ವಾಡಿ ಆಚಿಕಡೆ ಅಡಿಗಿಮನಿ. ನಾವು ಹುಡುಗೂರು ಮಗ್ಗದ ಬಾಜೂಕ ಕುಂತು ಕಂಡಿಕಿ ಸುತ್ತತಿದ್ವಿ, ಅಲ್ಲೇ ಮಲಗತಿದ್ವಿ. ಕರೆಂಟ್ ಹೋದ್ರ ಎಚ್ಚರಾಗತಿತ್ತು!

ನಮ್ಮಪ್ಪಗ ನಲವತ್ತು ದಾಟೂದರಾಗ ಕಿವಿ ಹೋಗಿದ್ವು. ಒಮ್ಮೆಲೇ ಹೋಗಿದ್ರ ಯಾರಿಗರ ತಿಳೀತಿತ್ತು. ಜಿನುಗಿ ಜಿನುಗಿ ಹೋದ್ವು. ಮಗ್ಗದ ಮಂದಿ ಎದುರಿನವರ ತುಟಿ ನೋಡಿ ಮಾತು ತಿಳಕೋತಾರ, ಅದಕ್ಕ ಅಂವಗೂ ತಿಳೀಲಿಲ್ಲ, ನಮಗೂ ತಿಳೀಲಿಲ್ಲ. ಊರಾಗ ಎಲ್ಲಾರೂ ಅಪ್ಪಗ "ಸೊಕ್ಕಿನ ಮನಶ್ಯಾ, ಕರದ್ರ ತಿರುಗಿ ನೋಡಂಗಿಲ್ಲ" ಅಂತಿದ್ರು. ಸೀರಿ ಕೊಳ್ಳಾಕ ಬಂದ ಸಾವ್ಕಾರ ರೇಟು ಹೇಳಿದ್ರ, ಕೇಳಿಸಲಾರದಕ್ಕ ಇನ್ನೊಮ್ಮೆ ಕೇಳಾಕ ನಾಚಿಕಿ ಆಗಿ, ಅಪ್ಪ ಹೂಂ ಅಂತ ತಲಿ ಅಲ್ಲಾಡಸತಿದ್ದ. ಎಷ್ಟ ಸೀರಿ ಹಿಂಗ ಕಡಿಮಿ ರೇಟಿಗೆ ಹೋದ್ವೋ ದೇವರಿಗೆ ಗೊತ್ತು. ಸಾಯೂ ಮುಂದಿನ ಹತ್ತು ವರ್ಷ ಅಂವ ಯಾರ ಜೋಡಿನೂ ಉದ್ದ ಮಾತಾಡಲಿಲ್ಲ. ಕಟ್ಟಿ ಮ್ಯಾಲ ಸುಮ್ನ ಕುಂಡ್ರತಿದ್ದ.

ಅಪ್ಪಗ ಅದು ಹೊಟ್ಟಿಪಾಡು. ಮಗ್ಗ ನಿಂತ್ರ ಒಲಿ ಹತ್ತತಿರಲಿಲ್ಲ. ನಾವು ರೊಕ್ಕ ಕೊಟ್ಟು, ಬಾಡಿಗಿ ಕೊಟ್ಟು, ಲಾರ್‍ಯಾಗ ಹೇರಿಸಿಕೊಂಡು ಬಂದು ಮಕ್ಕಳ ಕಿವಿ ಮುಂದ ಆ ಸಪ್ಪಳ ಇಡ್ತೇವಲ್ಲ, ಅದಕ್ಕ ಏನನ್ನಬೇಕು?

ಈಗ ನನ್ನ ಕಥಿ. ಎರಡು ವರ್ಷದ ಹಿಂದ ನಮ್ಮ ಮನ್ಯಾಗ ಊಟದ ಹೊತ್ತಿಗೆ ದಿನಾ ಜಗಳ ಸುರು ಆದ್ವು. ಇವರು ಟಿವಿ ನೋಡ್ಕೋತ, ತಾಟಿನ ಕಡೆ ನೋಡಲಾರದ "ಸಾಕ" ಅಂತಿದ್ರು. ನನಗ "ಹಾಕ" ಅಂತ ಕೇಳತಿತ್ತು. ಹಾಕತಿದ್ದೆ. ಮತ್ತ "ಸಾಕ ಸಾಕ" ಅಂದ್ರ ಇನ್ನೊಂದು ಸವಟು ಹಾಕತಿದ್ದೆ. ಶುಗರ್ ಇದ್ದ ಮನಶ್ಯಾಗ ಬೇಕಂತ ಅನ್ನ ಸುರೀತಾಳಂತ ಇವರು, ಕೇಳಿ ಹಾಕಿಸ್ಕೊಂಡು ಮತ್ತ ಬೈತಾರಂತ ನಾನು. ನಗಬ್ಯಾಡ್ರಿ, ಒಂದು ವಾರ ಮಾತು ಬಿಟ್ಟಿದ್ವಿ.

ಆಮ್ಯಾಲ ಮಗಳು ಜುಲುಮಿಲೆ ದವಾಖಾನಿಗೆ ಕರಕೊಂಡು ಹೋದ್ಲು. ಸಣ್ಣ ಖೋಲಿ ಒಳಗ ಕುಂಡ್ರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಪೀಂ ಅಂತ ಕೇಳಿದಾಗೆಲ್ಲಾ ಬಟನ್ ಒತ್ತರಿ ಅಂದ್ರು. ಅರ್ಧ ತಾಸಿನಾಗ ಒಂದು ಹಾಳಿ ಮ್ಯಾಲ ಗೆರಿ ಬಂತು. ಎಡಕ್ಕ ಆ ಗೆರಿ ಅಟ್ಟದ ಮ್ಯಾಲ ನಡದಂಗ ಸಪಾಟ ಹೋಗಿ, ಬಲಕ್ಕ 4000 ಅನ್ನೂ ಅಂಕಿ ಹತ್ರ ಧಬಾಲ್ ಅಂತ ಕೆಳಗ ಬಿದ್ದಿತ್ತು. ದಪ್ಪ ಸ್ವರ ಕೇಳ್ತಾವು, ಸಣ್ಣ ಸ್ವರ ಹೋಗ್ಯಾವು. ಸ, ಶ, ತ, ಕ ಇಂಥ ಅಕ್ಷರ ಇರೂದ ಆ ಸಣ್ಣ ಸ್ವರದಾಗ. ಅದಕ್ಕ ಸಾಕ ಅನ್ನೂದು ಹಾಕ ಆಗತಿತ್ತು. ಮಂದಿ ಮಾತಾಡೂದು ಕೇಳ್ತೈತಿ, ಏನು ಮಾತಾಡ್ತಾರ ಅನ್ನೂದು ತಿಳಿಯಂಗಿಲ್ಲ. ಗೆರಿ ಹಿಂಗ 4000ದ ಹತ್ರ ಬಿದ್ದಿದ್ರ ಅದು ಸಪ್ಪಳದ ಗುರ್ತು ಅಂದ್ರು ಡಾಕ್ಟರು, ವಯಸ್ಸೂ ಸ್ವಲ್ಪ ಕೂಡೈತಿ ಅಂದ್ರು. "ಔಷಧ?" ಅಂದೆ. ಇದಕ್ಕ ಔಷಧ ಇಲ್ಲ ಅಂದ್ರು.

ಯಾಕಿಲ್ಲ ಅಂದ್ರ, ನಾ ಪಿಯುಸಿ ಆರ್ಟ್ಸ್ ಓದಿದಾಕಿ, ನನಗ ತಿಳದಷ್ಟು ಹೇಳ್ತೇನಿ. ಕಿವಿ ಒಳಗಿನ ಒಳಗ ಶಂಖದಂಗ ಸುತ್ತಿದ ಒಂದು ಸಣ್ಣ ಭಾಗ ಐತಿ. ಅದರಾಗ ಕೂದಲದಂಥ ತುದಿ ಇರೂ ಜೀವಕೋಶ, ಒಂದು ಕಿವಿಗೆ 15 ಸಾವಿರದ ಆಸುಪಾಸು. ಸಪ್ಪಳ ಬಂದ್ರ ಅವು ಬಾಗ್ತಾವು, ಮಿದುಳಿಗೆ ಸುದ್ದಿ ಮುಟ್ಟಸ್ತಾವು. ಕರಕಿ ಮ್ಯಾಲ ಒಮ್ಮೆ ನಡದ್ರ ಅದು ಮತ್ತ ಎದ್ದು ನಿಲ್ಲತೈತಿ. ಮ್ಯಾಲಿಂದಮ್ಯಾಲ ನಡದ್ರ, ಇಲ್ಲಾ ಒಂದ ಸರ್ತಿ ಟ್ರ್ಯಾಕ್ಟರ್ ಹಾಯ್ದು ಹೋದ್ರ, ಏಳಂಗಿಲ್ಲ. ಹುಲ್ಲು ಮಳಿ ಬಂದ್ರ ಮತ್ತ ಚಿಗರೀತು, ಈ ಕೋಶ ಚಿಗರಂಗಿಲ್ಲ. ಹುಟ್ಟಿದಾಗ ತಂದದ್ದಷ್ಟ ಗಂಟು, ಸಾಯೂತನಕ ಅದರಾಗ ಸಾಗಬೇಕು. ಆ ತೊಟ್ಟಿಲಿನ ಕೂಸು ಗಂಟು ಬಿಚ್ಚಿ ಮೂರು ತಿಂಗಳಾಗಿತ್ತು, ನಾದಿನಿ.

ಒಂದ ದಿನಕ್ಕ ಏನಾಗ್ತೈತಿ ಅನ್ನವರು ಈ ಲೆಕ್ಕ ನೋಡ್ರಿ. ಸಪ್ಪಳ ಅಳಿಯೂದು ಡೆಸಿಬಲ್ ಮ್ಯಾಲ. 85 ಡೆಸಿಬಲ್ ಇದ್ರ ದೊಡ್ಡವರು ದಿನಕ್ಕ 8 ತಾಸು ತಡೀಬಹುದು ಅಂತ ಕೆಲಸದ ಜಾಗಾಕ್ಕ ಲೆಕ್ಕ ಹಾಕ್ಯಾರ. ಅಲ್ಲಿಂದ ಬರೇ 3 ಏರಿದ್ರ ಸಪ್ಪಳದ ಜೋರು ದುಪ್ಪಟ್ಟು, ಹೊತ್ತು ಅರ್ಧ. 88ಕ್ಕ 4 ತಾಸು. 91ಕ್ಕ 2 ತಾಸು. 94ಕ್ಕ ಒಂದ ತಾಸು. ಹಿಂಗ ಹೋಗಿ 100ಕ್ಕ ಬಂದ್ರ 15 ನಿಮಿಷ. ಸಾವ್ಕಾರನ ಚಕ್ರಬಡ್ಡಿನೂ ಇಷ್ಟು ಜೋರ ಓಡಂಗಿಲ್ಲ. ಅವತ್ತ ತೊಟ್ಟಿಲ ಹತ್ರ ನನ್ನ ಫೋನ್ ಹಿಡದಾಗ 101 ತೋರಿಸ್ತು. ಫೋನಿನ ಅಳತಿ ತಕ್ಕಡಿ ಅಲ್ಲ, ನಾಕೈದು ಹೆಚ್ಚುಕಡಿಮಿ ಇರ್ತೈತಿ. ಐದು ಕಡಿಮಿ ಹಿಡೀರಿ, 96 ಆತು, ಅರ್ಧ ತಾಸಿನ ಚಿಲ್ಲರೆ. ಕಾರ್ಯಕ್ರಮ ನಡದದ್ದು ಮೂರು ತಾಸು. ಈ ಲೆಕ್ಕ ಹಾಕಿದ್ದು ದುಡಿಯೂ ದೊಡ್ಡ ಮಂದಿಗೆ, ಕುಂಚಗಿ ಹಾಕ್ಕೊಂಡವರಿಗೆ ಅಲ್ಲ.

ಹಂಗಂತ ಒಂದ ದಿನಕ್ಕ ಕಿವುಡಾಗ್ತಾರಂತ ನಾ ಹೇಳೂದಿಲ್ಲ. ಹೆಚ್ಚಿನ ಸರ್ತಿ ಆಗಂಗಿಲ್ಲ. ಮನಿಗೆ ಬಂದ ಮ್ಯಾಲ ಕಿವ್ಯಾಗ ಗುಂಯ್ ಅಂತೈತಿ, ಹತ್ತಿ ತುರುಕಿದಂಗ ಆಗ್ತೈತಿ, ಮರುದಿನ ಬಿಡ್ತೈತಿ. ಬಿಟ್ತಲ್ಲ ಅಂತ ನಾವು ಮರೀತೇವಿ. ಆ ಗುಂಯ್ ಅನ್ನೂದು ಕಿವಿ ಕೊಡೂ ನೋಟೀಸು. ಎಷ್ಟು ನೋಟೀಸು ಆದ ಮ್ಯಾಲ ಅದು ನಿಲ್ಲಂಗಿಲ್ಲ ಅನ್ನೂದು ಯಾರಿಗೂ ಹೇಳಾಕ ಬರಂಗಿಲ್ಲ. ನನಗ ಈಗ ರಾತ್ರಿ ಎಲ್ಲಾ ಶಾಂತ ಆದ ಮ್ಯಾಲ ಎಡಗಿವ್ಯಾಗ ಜೀರುಂಡಿ ಕೂಗ್ತೈತಿ. ಹನ್ನೆರಡೂ ತಿಂಗಳ.

ಮತ್ತ ಅದು ಒಂದ ದಿನಾ ಅಲ್ಲ, ನಾ ಎಣಿಸೇನಿ. ಹೋದ ವರ್ಷ ಕ್ಯಾಲೆಂಡರ್ ಮ್ಯಾಲ ಹಾಲಿನ ಲೆಕ್ಕದ ಬಾಜೂಕ ಬರಕೋತ ಹೋದೆ. ಲಗ್ನ, ಕುಬಸ, ವಾಸ್ತುಶಾಂತಿ, ಹುಟ್ಟಿದಹಬ್ಬ, ಗಣಪತಿ ಕೂಡಿಸೂದು, ಐದನೇ ದಿನ ಕಳಸೂದು, ಹನ್ನೊಂದನೇ ದಿನ ಕಳಸೂದು, ಜಾತ್ರಿ, ಹೊಸ ವರ್ಷ, ಕ್ರಿಕೆಟ್ ಗೆದ್ದದ್ದು. 31 ದಿನ ಆದ್ವು, ಪಟಾಕಿ ಬಿಟ್ಟು. ಎಲ್ಲಾ ಸರ್ತಿನೂ "ಒಂದ ದಿನದ ಮಾತು" ಅಂತ ಕೇಳೇನಿ. 31 ಸರ್ತಿ ಒಂದ ದಿನ.

"ಹಿಂದಿನವರು ಡೊಳ್ಳು ಬಡೀತಿರಲಿಲ್ಲೇನು, ಹೋಳಿಗೆ ಜಗ್ಗಲಗಿ ಬಡೀತಿರಲಿಲ್ಲೇನು?" ಅಂತ ನಾದಿನಿ ಮಗ ಕೇಳಿದ. ಆ ಸ್ಪೀಕರ್ ತರಿಸಿದ್ದೂ ಅಂವನ. ಛಲೋ ಪ್ರಶ್ನಿ. ಬಡೀತಿದ್ರಪಾ. ಜಗ್ಗಲಗಿ ಸಪ್ಪಳ ಸಣ್ಣದಲ್ಲ, ಬಡಿಯವರ ಕಿವಿಗೆ ಅದೂ ತ್ರಾಸ ಕೊಟ್ಟಿರ್ತೈತಿ. ಆದ್ರ ಅದನ್ನ ಬಡಿಯೂದು ಮನಶ್ಯಾನ ರಟ್ಟಿ. ರಟ್ಟಿ ಸೋಲ್ತೈತಿ, ನಡುವ ನಿಲ್ಲತಾರ, ಚಾ ಕುಡೀತಾರ, ಮೆರವಣಿಗಿ ನಮ್ಮ ಬಾಗಿಲ ದಾಟಿ ಮುಂದ ಹೋಗ್ತೈತಿ. ಬಯಲಾಗ ಸಪ್ಪಳ ಹರದು ಹೋಗ್ತೈತಿ. ಈ ಪೆಟ್ಟಿಗಿಗೆ ರಟ್ಟಿ ಇಲ್ಲ. ನಾಕು ಗ್ವಾಡಿ, ಟೈಲ್ಸ್ ನೆಲ, ಮ್ಯಾಲ ಪಿಒಪಿ, ಎಲ್ಲಾ ಕಡೆ ಬಡದು ತಿರುಗಿ ನಮ್ಮ ಮ್ಯಾಲ ಬರ್ತೈತಿ.

"ಸಪ್ಪಳ ಇಲ್ಲಂದ್ರ ಮನಿ ಕಾರ್ಯ ಭಣ ಭಣ ಅಂತೈತಿ" ಅನ್ನವರಿಗೆ ಏನು ಹೇಳ್ಲಿ. ಸನಾದಿ ಇರಲಿ, ಹಾಡು ಇರಲಿ, ಕುಣೀರಿ, ನಾನೂ ಕುಣೀತೇನಿ. ನಾ ಬಂದ್ ಮಾಡ್ರಿ ಅನ್ನಾಕತ್ತಿಲ್ಲ, ಇಳಸ್ರಿ ಅನ್ನಾಕತ್ತೇನಿ. ಹತ್ತು ವರ್ಷಕ್ಕ ಭೇಟಿ ಆದ ದೊಡ್ಡವ್ವನ ಮಗಳ ಬಾಜೂಕ ಕುಂತು, ಇಬ್ಬರೂ ಮಾತಾಡಾಕ ಆಗಲಾರದ ಬರೇ ನಕ್ಕು ತಲಿ ಅಲ್ಲಾಡಿಸಿ ಎದ್ದು ಬರೂದು ಯಾವ ಸೀಮಿ ಸಂತೋಷ? ನಮ್ಮಪ್ಪನೂ ಹಂಗ ತಲಿ ಅಲ್ಲಾಡಸತಿದ್ದ.

ನನಗ ಎಲ್ಲಾಕ್ಕಿಂತ ಸಿಟ್ಟು ಬರೂದು ಡಿಜೆ ಮ್ಯಾಲ ಅಲ್ಲ, ನಮ್ಮ ಮ್ಯಾಲ. ಸಾರಿನಾಗ ಉಪ್ಪು ಹೆಚ್ಚಾದ್ರ ಹೇಳ್ತೇವಿ. ಎಸಿ ಥಂಡಿ ಆದ್ರ ಹೇಳ್ತೇವಿ. ಸಪ್ಪಳ ಇಳಸ್ರಿ ಅನ್ನಾಕ ಮಾತ್ರ ಬಾಯಿ ಬರಂಗಿಲ್ಲ, ಅಂದ್ರ ಕೊಂಕು ಹುಡುಕಿದಂಗ, ಹೊಟ್ಟಿಕಿಚ್ಚು ಪಟ್ಟಂಗ, ಮುದುಕಿ ಆದಂಗ. ನಾ ಮೂವತ್ತು ವರ್ಷ ಸ್ಪೀಕರ್ ಮುಂದಿನ ಖುರ್ಚ್ಯಾಗ ಮರ್ಯಾದಿ ಸಲುವಾಗಿ ಕುಂತೇನಿ. ಮರ್ಯಾದಿ ಏನು ಉಳೀತೋ ಗೊತ್ತಿಲ್ಲ, ಕಿವಿ ಉಳೀಲಿಲ್ಲ.

ಅವತ್ತ ಕೂಸಿನ್ನ ಅವರವ್ವನ ಕೈಯಾಗ ಕೊಟ್ಟು ನಾ ಆ ಸೌಂಡಿನ ಹುಡುಗನ ಹತ್ರ ಹೋದೆ. ಇಪ್ಪತ್ತೆರಡು ಇರಬೇಕು ವಯಸ್ಸು. "ತಮ್ಮಾ, ಸ್ವಲ್ಪ ಕಡಿಮಿ ಮಾಡು" ಅಂದೆ. "ಆಂ?" ಅಂದ. ಮತ್ತ ಹೇಳಿದೆ. "ಏನ್ರೀ ಅಮ್ಮಾರ?" ಅಂದ. ಹಾಡು ಮುಗದು ನಡುವ ಶಾಂತ ಆದಾಗ ಮೂರನೇ ಸರ್ತಿ ಹೇಳಿದೆ, ಆಗೂ ಅಂವ ಕಿವಿ ನನ್ನ ಕಡೆ ತಿರುಗಿಸಿ, ನನ್ನ ತುಟಿ ನೋಡಿದ. ಆ ನೋಟ ನನಗ ಗೊತ್ತಪಾ. ಬನಹಟ್ಟಿಯಾಗ ಎಲ್ಲಾರೂ ಹಂಗ ನೋಡತಿದ್ರು. "ಕಡಿಮಿ ಇಟ್ರ ಪಾರ್ಟಿಯವರು ರೊಕ್ಕ ಕಡಿಮಿ ಕೊಡ್ತಾರ್ರೀ" ಅಂದ. ಅಂವಗ ಬೈಯಾಕ ಹೋದಾಕಿ ಬೈಯಲಾರದ ಬಂದೆ.

ಕಾಯ್ದೆ ಐತಿ, ಇಲ್ಲ ಅಂತಲ್ಲ. 2000ನೇ ಇಸವಿಯ ಶಬ್ದಮಾಲಿನ್ಯದ ನಿಯಮ. ಮಂದಿ ಇರೂ ಓಣಿಯೊಳಗ ಹಗಲಿಗೆ 55, ರಾತ್ರಿ 45 ಡೆಸಿಬಲ್. ರಾತ್ರಿ 10ರಿಂದ ಮುಂಜಾನೆ 6ರ ತನಕ ಬಯಲಿನಾಗ ಸ್ಪೀಕರ್ ಹಚ್ಚಂಗಿಲ್ಲ. ಹಬ್ಬ-ಉತ್ಸವ ಅಂತ ಸರಕಾರ ವರ್ಷಕ್ಕ 15 ದಿನ ಮೀರಲಾರದಂಗ ರಾತ್ರಿ 12ರ ತನಕ ಸಡಿಲ ಬಿಡಬಹುದು, ಅಷ್ಟ. 2005ರಾಗ ಸುಪ್ರೀಂ ಕೋರ್ಟೂ ಇದರ ಮ್ಯಾಲ ದೊಡ್ಡ ತೀರ್ಪು ಕೊಟ್ಟೈತಿ. ಓಣಿಯೊಳಗ ರಾತ್ರಿ ಹನ್ನೆರಡಾದ್ರೂ ನಿಲ್ಲಲಿಲ್ಲಂದ್ರ 112ಕ್ಕ ಫೋನ್ ಮಾಡ್ರಿ, ನಾ ಎರಡ ಸರ್ತಿ ಮಾಡೇನಿ. ಆದ್ರ ಸ್ವಂತ ನಾದಿನಿ ಮನಿ ತೊಟ್ಟಿಲಕ್ಕ ಯಾರು ಪೊಲೀಸರನ್ನ ಕರೀತಾರ್ರಿ? ಅಲ್ಲಿ ಕಾಯ್ದೆ ಬರಂಗಿಲ್ಲ, ನಮ್ಮ ಬಾಯಿನ ಬರಬೇಕು. ಅದೂ ಕಾರ್ಯಕ್ರಮದ ದಿನ ಅಲ್ಲ, ಹಾಲ್ ಹಿಡಿಯೂ ದಿನ, ಸೌಂಡಿನವಗ ಅಡ್ವಾನ್ಸ್ ಕೊಡೂ ದಿನ. ಸ್ಪೀಕರ್ ಎಲ್ಲಿ ಇಡ್ತೀಪಾ, ಕೂಸು ಎಲ್ಲಿ ಇರ್ತೈತಿ, ಹಿರೇರು ಎಲ್ಲಿ ಕುಂಡ್ರತಾರ ಅಂತ ಕೇಳಾಕ ಐದು ನಿಮಿಷ ಸಾಕು. ಊಟದ ಮೆನು ಮ್ಯಾಲ ಐದು ದಿನ ಕಳೀತೇವಲ್ಲ.

ಹೊರಗಿನವರಿಗೆ ಇಷ್ಟು ಅಂದ ಮ್ಯಾಲ ನನ್ನ ಅಡಿಗಿಮನಿ ಮಾತೂ ಹೇಳಬೇಕು, ಇಲ್ಲಂದ್ರ ಇವರು ಓದಿ ನಗ್ತಾರ. ಮಿಕ್ಸರಿನಾಗ ಶೇಂಗಾ ಚಟ್ನಿ ತಿರುವೂ ಮುಂದ ಅದರ ಮ್ಯಾಲ ಬಗ್ಗಿ ನಿಲ್ಲೂದು ನನ್ನ ರೂಢಿ. ಫೋನ್ ಹಿಡದು ನೋಡಿದ್ರ 88. ಎರಡು ನಿಮಿಷಕ್ಕ ಏನೂ ಆಗಂಗಿಲ್ಲ, ಆದ್ರ ಆ ಸಪ್ಪಳಕ್ಕ ಇವರು ಟಿವಿ ಏರಸ್ತಾರ, ಟಿವಿಗೆ ನಾ ದನಿ ಏರಸ್ತೇನಿ, ಅದರ ಮ್ಯಾಲ ಕುಕ್ಕರ್, ಮಿಕ್ಸರ್ ನಿಂತ ಮ್ಯಾಲೂ ಟಿವಿ ಮತ್ತ ಇಳಿಯಂಗಿಲ್ಲ. ಈಗ ಮಿಕ್ಸರ್ ಕೆಳಗ ದಪ್ಪ ಅರಿವಿ ಮಡಿಚಿ ಹಾಕೇನಿ, ಬಾಗಿಲ ಹಾಕ್ಕೋತೇನಿ, ಬಟನ್ ಒತ್ತಿ ಎರಡು ಹೆಜ್ಜಿ ಹಿಂದ ಸರೀತೇನಿ. ದೂರ ಸರದಷ್ಟೂ ಕಿವಿಗೆ ಬೀಳೂ ಪೆಟ್ಟು ಕಡಿಮಿ, ಇದಕ್ಕ ರೊಕ್ಕ ಬೀಳಂಗಿಲ್ಲ.

ಮೊಮ್ಮಗ ಅಳ್ತಾನಂತ ಕಿವಿಗೆ ಇಯರ್‌ಫೋನ್ ತುರುಕಿ ಮೊಬೈಲ್ ಕೊಟ್ಟಾಕಿನೂ ನಾನ. ವಿಶ್ವ ಆರೋಗ್ಯ ಸಂಸ್ಥೆಯವರು ದೊಡ್ಡವರಿಗೆ 80 ಡೆಸಿಬಲ್ ವಾರಕ್ಕ 40 ತಾಸು, ಮಕ್ಕಳಿಗೆ 75 ಡೆಸಿಬಲ್ 40 ತಾಸು, ಅದರ ಮ್ಯಾಲ ಬ್ಯಾಡ ಅಂತಾರ. ಹುಡುಗಂಗ ಡೆಸಿಬಲ್ ಹೇಳಿದ್ರ ತಿಳೀತೈತೇನು? ಬಾಜೂಕ ಕುಂತವರಿಗೆ ಅವನ ಹಾಡು ಕೇಳಿದ್ರ, ಇಲ್ಲಾ ಒಂದು ಮಾರು ದೂರದಿಂದ ಕರದ್ರ ಅಂವ ಓ ಅನ್ನಲಿಲ್ಲಂದ್ರ, ಕಿತ್ತಿ ಇಡೂದು. ಕಾರ್ಯಾಲಯಕ್ಕೂ ಇದ ಅಳತಿ. ಕೈ ಚಾಚಿದಷ್ಟು ದೂರ ನಿಂತವರ ಜೋಡಿ ಒದರಿ ಮಾತಾಡೂ ಹಂಗಿದ್ರ ಅಲ್ಲಿ ಸಪ್ಪಳ ಅತಿ ಆಗೈತಿ. ಫೋನೂ ಬ್ಯಾಡ, ಮೀಟರೂ ಬ್ಯಾಡ.

ಕಿವಿಗೆ ಹತ್ತಿ ಇಟ್ಕೊಂಡ್ರ ಆತು ಅನ್ನವರು ಭಾಳ ಮಂದಿ. ನಮ್ಮವ್ವನೂ ಇಟ್ಕೋತಿದ್ಲು. ಹತ್ತಿ ಥಂಡಿಗಾಳಿ ತಡೀತೈತಿ, ಸಪ್ಪಳ ತಡಿಯೂದು ಅಷ್ಟಕ್ಕಷ್ಟ. ಮೆಡಿಕಲ್ ಅಂಗಡ್ಯಾಗ ಸ್ಪಂಜಿನಂಥ ಇಯರ್‌ಪ್ಲಗ್ ಸಿಗ್ತಾವು, ಕುಬಸದ ಊಟಕ್ಕ ಹೋಗೂ ಆಟೋ ಬಾಡಿಗಿಗಿಂತ ಕಡಿಮಿ. ಅವನ್ನ ಹಂಗ ಚುಚ್ಚಿಕೊಂಡ್ರ ಉಪಯೋಗಿಲ್ಲ. ಸ್ವಚ್ಛ ಕೈಯಿಂದ ಬತ್ತಿ ಹೊಸದಂಗ ಹೊಸದು ಸಣ್ಣ ಮಾಡಿ, ಇನ್ನೊಂದು ಕೈ ತಲಿ ಹಿಂದಿಂದ ತಂದು ಕಿವಿ ಮ್ಯಾಲಕ್ಕ-ಹಿಂದಕ್ಕ ಜಗ್ಗಿ, ಒಳಗಿಟ್ಟು, ಉಬ್ಬೂತನಕ ಬಟ್ಟಲೆ ಒತ್ತಿ ಹಿಡೀಬೇಕು. ನಿಮ್ಮ ದನಿ ನಿಮಗ ಭಾಂವ್ಯಾಗ ಮಾತಾಡಿದಂಗ ಕೇಳಿದ್ರ ಸರಿಯಾಗಿ ಕುಂತೈತಿ. ನನ್ನ ಪರ್ಸಿನಾಗ ಕುಂಕುಮದ ಡಬ್ಬಿ ಬಾಜೂಕ ಇರ್ತಾವು. ಕೂಸುಗಳಿಗೆ ಇವು ನಡಿಯಂಗಿಲ್ಲ, ನುಂಗಿಬಿಡ್ತಾವು. ಅವಕ್ಕ ಕಿವಿ ಮ್ಯಾಲ ಹಾಕೂ ಮಫ್ ಬರ್ತಾವು, ಅದಕ್ಕಿಂತ ಛಲೋ ಅಂದ್ರ ಕೂಸಿನ್ನ ಹೊರಗ ಒಯ್ಯೂದು.

ಒಂದು ವರ್ಷದಿಂದ ನಾ ಮಶಿನ್ ಹಾಕ್ಕೋತೇನಿ ಕಿವಿಗೆ. ಸೆರಗು ಹೊಚ್ಚಿ ಮುಚ್ಚಿಕೋರಿ ಅಂತ ನೆಗೆಣ್ಣಿ ಹೇಳಿದ್ಲು. ಆಕಿ ಹಾಕ್ಕೊಂಡ ಚಾಳೀಸ ಯಾಕ ಮುಚ್ಚಿಕೊಳ್ಳಲಿಲ್ಲ ಅಂತ ಕೇಳಿದೆ. ಮಶಿನ್ ಹಾಕಿದ್ರ ಮೊದಲಿನ ಕಿವಿ ಬರಂಗಿಲ್ಲ, ಅದನ್ನೂ ಹೇಳಬೇಕು. ಸಾಕ ಅನ್ನೂದು ಈಗ ಸಾಕ ಅಂತನ ಕೇಳ್ತೈತಿ, ಆದ್ರ ತಾಟು ಬಡದ ಸಪ್ಪಳನೂ ಅಷ್ಟ ಜೋರ ಬರ್ತೈತಿ, ನಾಕು ಮಂದಿ ಕೂಡಿ ಮಾತಾಡಿದ್ರ ಎಲ್ಲಾ ಕಲಸಿ ಹೋಗ್ತೈತಿ.

ನಾದಿನಿ ಇನ್ನೂ ಮಾತಾಡಿಲ್ಲ. ಆದ್ರ ನಿನ್ನೆ ಸಂಜಿಕೆ ಆಕಿ ಮಗಳು, ಕೂಸಿನ ತಾಯಿ, ಫೋನ್ ಮಾಡಿದ್ಲು. ಅವ್ವಗ ಹೇಳಬ್ಯಾಡ್ರಿ ಅಂತ ಮೊದಲ ಆಣಿ ಹಾಕಿಸಿಕೊಂಡು, "ಅತ್ತಿ, ಮುಂದ ಹುಟ್ಟಿದಹಬ್ಬ ಮಾಡೂ ಮುಂದ ಸೌಂಡಿನವಗ ಏನಂತ ಹೇಳಬೇಕು ಬರಕೊಡ್ರಿ" ಅಂದ್ಲು. ಹಿಂದ ಕೂಸು ಏನೋ ಗುಂಗುಡತಿತ್ತು. ಪೂರ್ತಿ ಕೇಳಲಿಲ್ಲ ನನಗ, ಫೋನ್ ಅದರ ಬಾಯಿ ಹತ್ರ ಹಿಡಿಯವ್ವಾ ಅಂದೆ.